ದರ್ಜೆ

ಕಾಟನ್‌ಪೇಟೆಯ ಪ್ರೆಸ್ಸಿನಲ್ಲಿ, ತಪ್ಪಾಗಿ ಅಚ್ಚಾದ
ಲಗ್ನಪತ್ರಿಕೆಯ ಬೆನ್ನಿಗೆ
ಜಬೀನ್ ಮೃಗಗಳಿಗೆ ದರ್ಜೆ ಬರೆಯುತ್ತಾಳೆ.

ಮೊದಲನೆಯದು ಕೆಂಡಗಪ್ಪೆ. ವೇಗ ನೂರಿಪ್ಪತ್ತು,
ಮಾತಿಲ್ಲ.
ಗುಡುಗುಹಂದಿ ಎರಡಕ್ಕೆ ಇಳಿಯಿತು,
ಹೋದ ಭಾನುವಾರ ಶಿವಾಜಿನಗರದ ಹುಡುಗರು
ಅದಕ್ಕೆ ಮದ್ದು ಕಂಡುಹಿಡಿದರು.
ಮಂಜುಮುಂಗುಸಿ? ಜೋಡಿಯಿದ್ದರೆ ಸರಿ,
ಒಂಟಿ ಸಿಕ್ಕರೆ ಚಟ್ನಿ.

ಹೆಂಟೆಮರಿಯ ಹತ್ತಿರ ಪೆನ್ನು ನಿಂತಿತು.
ಒಮ್ಮೆಯೂ ಗೆದ್ದದ್ದಿಲ್ಲ. ಆದರೆ ಎಂಥ ಪೆಟ್ಟಿಗೂ
ಒಂದು ಗುಟುಕು ಜೀವ ಉಳಿಸಿಕೊಂಡು
ಪಿಳಿಪಿಳಿ ಕಣ್ಣು ಬಿಡುತ್ತದೆ.

"ಯಾಕೆ ಇಟ್ಕೊಂಡಿದೀಯ ಅದನ್ನ?"
ಕಟಿಂಗ್ ಮಷೀನಿನ ಸದ್ದಿನ ಮೇಲೆ ಕೂಗಿ ಕೇಳಿದೆ.

"ಎದುರಾಳಿಗೆ ಒಂದು ಸರದಿ ದಂಡ."

ಅದರ ಮುಂದೆ ಜಾಗ ಖಾಲಿ ಬಿಟ್ಟು
ಪತ್ರಿಕೆ ತಿರುಗಿಸಿದಳು:
ವರನ ಹೆಸರಲ್ಲಿ
ಒಂದಕ್ಷರ ಕಡಿಮೆ.