ಗುಂಜಿ ತೂಕ

ಡೋಣಿಯ ಗೌಡಸಾನಿಗೆ ಮೂಗಬೊಟ್ಟು ಮುಟ್ಟಿಸೂದಿತ್ತು,
ಕಣ್ಣೆದುರಿಗೇ ತೂಗಿ ಕೊಡು ಅಂದಿದ್ದಳು;
ಅದಕ್ಕ ಚೀಲದಾಗ ಕೈತ್ರಾಸು.
ಕಪ್ಪತಗುಡ್ಡದ ಕಾಲುದಾರಿ,
ಹಿಂದಿಂದ ಅಕ್ಕನ ಮಗಳು ಮೋನವ್ವ,
ಎರಡನೇ ಇಯತ್ತೆ, ಬಾಯಿಗೆ ಬೀಗ ಇಲ್ಲ.

ಬಂದರಿ ಗಿಡದ ನೆರಳು ಅಂದ್ರ ನೆರಳಲ್ಲ,
ಆದರೂ ಕುಂತಿವಿ.
ಅಲ್ಲೇ ಒಂದು ಪಾತರಗಿತ್ತಿ:
ಕಪ್ಪು ಪತ್ತಲಕ್ಕ ತಿಳಿನೀಲಿ ಚುಕ್ಕಿ,
ಉಡೂದಕ್ಕಲ್ಲ, ಒಣಹಾಕೂದಕ್ಕೇ ಹುಟ್ಟಿದಂಗ
ಬಿಚ್ಚತಿತ್ತು, ಮುಚ್ಚತಿತ್ತು.
ಎಲಿ ಬೆನ್ನಿಗೆ ಒಂದು ಗುಲಗಂಜಿ ಹುಳ,
ಹೇನು ತಿನಕೋತ, ಯಾರನ್ನೂ ನೋಡದ.

"ಮಾವಾ, ಎರಡರಾಗ ಯಾವುದು ಹೆಚ್ಚು?"
ಹೆಚ್ಚು ಅನ್ನೂದಕ್ಕ ನಮ್ಮ ಮನಿತನದಾಗ ಒಂದ ಅರ್ಥ.
ಡಬ್ಬಿ ತೆರದೆ.

ಈ ಪರಡ್ಯಾಗ ಹುಳ, ಆ ಪರಡ್ಯಾಗ ಗುಂಜಿ ಕಾಳು.
ಅದ ಕೆಂಪು, ಅದ ಗುಂಡು, ಹೆಸರೂ ಅದರದ;
ಕಾಲು ಒಳಗ ಎಳಕೊಂಡು ಕಾಳಿನಂಗ ಬಿತ್ತು.
ಗುಂಜಿ ಕೆಳಗ ಕುಂತಿತು, ಹುಳ ಮ್ಯಾಲ ಉಳಿತು.
ಹೆಸರಿನ ಕಾಲುಭಾಗದಷ್ಟೂ ತೂಕಿಲ್ಲ!

ಗುಂಜಿ ತಗದು ಪಾತರಗಿತ್ತಿ ಕುಂಡ್ರಿಸಿದರ
ಕೂಡ್ರಲಿಲ್ಲ, ಹೋಗಲೂ ಇಲ್ಲ.
ಒಂದು ಬಡತಕ್ಕ ಎರಡು ಗುಂಜಿ,
ಇನ್ನೊಂದು ಬಡತಕ್ಕ ಬರೇ ಗಾಳಿ.
ಮುಳ್ಳು ತಲಿ ಅಲ್ಲಾಡಿಸಿತು, ಉದ್ರಿ ಕೇಳಿದಾಗ ನಮ್ಮಜ್ಜನಂಗ.
ಅಂಗಡ್ಯಾಗಾದರ ಗಾಜಿನ ಪೆಟಗಿ, ಉಸರೂ ತಾಗಾಂಗಿಲ್ಲ;
ಇಲ್ಲಿ ನೆತ್ತಿ ಮ್ಯಾಲ ಗಾಳಿ ಫ್ಯಾನು
ಮೂರು ರೆಕ್ಕಿ ತಿರುವಕೋತ ನಿಂತಾವ.

ಅಷ್ಟರಾಗ ಹುಳ ತನ್ನ ಡಬ್ಬಿ ತೆರೀತು.
ಮೂವತ್ತೆಂಟು ವರ್ಷ ಕೊಂಡಿ ನೋಡೇನಿ, ತಿರುಪು ನೋಡೇನಿ,
ಆ ಸಂದು ಕಂಡಿರಲಿಲ್ಲ.
ಕೆಂಪು ಮುಚ್ಚಳ ಎರಡಾಗಿ, ಒಳಗಿಂದ
ಮೈಗಿಂತ ಉದ್ದಾದ ಮಸುಕು ಅರಿವಿ,
ಯಾವ ಮಡಿಕಿ ಹಾಕಿ ಇಟ್ಟಿತ್ತೋ ಏನೋ,
ಹಾರಿತು. ಪರಡಿಗೆ ಗೊತ್ತ ಆಗಲಿಲ್ಲ.

ಪಾತರಗಿತ್ತಿ ಎದ್ದಾಗ ಮಾತ್ರ ತ್ರಾಸು ತೂಗಾಡಿತು,
ಬಹಳ ಹೊತ್ತು.

"ಹೇಳು ಮಾವಾ."
ನಾ ಕೈ ನೋಡಕೋತ ಕುಂತಿದ್ದೆ.
ಬೆರಳಿಗೆ ಪಾತರಗಿತ್ತಿ ಪುಡಿ,
ಅರ ಹೊಡದಾಗ ಉದುರತದಲ್ಲ, ಅಂಥಾದ್ದು.
ಅಂಗೈಯಾಗ ಹುಳ ಬಿಟ್ಟ ಹಳದಿ ಹನಿ, ಕಹಿ ನಾತ.
ಒರಿಗಲ್ಲಿಗೆ ತಿಕ್ಕಿದರ ಏನು ಬಣ್ಣ ಬರತಿತ್ತೋ.

ಡೋಣ್ಯಾಗ ಗೌಡಸಾನಿ ಮೂಗಬೊಟ್ಟು ತೂಗಿಸಿಕೊಂಡು
ನನ್ನ ಕೈ ನೋಡಿದಳು, ಮತ್ತ ನೋಡಿದಳು.
ಅಕ್ಕನ ಬಂಗಾರಾನೂ ಬಿಡಾವರಲ್ಲ ಅಂತ
ನಮ್ಮ ಕುಲಕ್ಕ ಗಾದಿ ಐತಿ.
ಅಕ್ಕನ ಮಗಳು ಮುಂದ ಬಂದು ಅಂದಳು:
"ಅದು ನಿಮ್ಮದಲ್ಲರೀ, ಗುಡ್ಡದ್ದು."