ಒಂದು ಎಳೆಗೆ ಒಂದು ಕಾಳು

ಸಹಮ್ ಊರಾಚೆ, ಕಡಲಿಂದ ಮೂರೇ ಮೈಲಿ ಒಳಗೆ,
ರಾತ್ರಿ ಒಂದೂವರೆಗೆ ಪಂಪು ಕೆಮ್ಮಿ ಎದ್ದಿತು.
ಹಗಲು ಬಿಟ್ಟ ನೀರನ್ನು ಇಲ್ಲಿ ಬಿಸಿಲೇ ಕುಡಿಯುತ್ತದೆ,
ಬೇರಿಗೆ ಎಂಜಲೂ ಉಳಿಯುವುದಿಲ್ಲ.
ಹಾಗಾಗಿ ನಮ್ಮದು ಬಾವಲಿಯ ಬೇಸಾಯ:
ನಾನು ಈ ತುದಿ, ಶಫೀಕುಲ್ ಆ ತುದಿ,
ಹಣೆಗೆ ದೀಪ, ಕಿವಿಯಲ್ಲಿ ಹನಿಕೊಳವೆಯ ಸದ್ದು,
ಟೊಪ್, ಟೊಪ್,
ಯಾರೋ ಕತ್ತಲಲ್ಲಿ ಕೂತು ಕಾಳೆಣಿಸುವ ಹಾಗೆ.

ನಮ್ಮ ಕಡೆ ಇದಕ್ಕೆ ಗೋವಿನಜೋಳ.
ಮೈಸೂರಿನ ಡ್ರೈವರ್ ಅನ್ನುತ್ತಾನೆ ಮುಸುಕಿನ ಜೋಳ.
ಶಫೀಕುಲನಿಗೆ ಭುಟ್ಟಾ, ಮಾಲಕರಿಗೆ ಧುರಾ.
ಮೇಕೆಗೆ ಹೆಸರು ಬೇಕಿಲ್ಲ,
ಬೇಲಿಯಾಚೆ ನಿಂತು ಹಸಿರಿನ ಕಡೆಗೇ ಮೂತಿ.

ಊರಲ್ಲಿ ಇದು ಮೃಗಶಿರಕ್ಕೆ ಬಿತ್ತಿ ಬೆನ್ನು ತಿರುಗಿಸುವ ಬೆಳೆ;
ಮಳೆಗೆ ಒಂದು ಮಾತು ಹೇಳಿ ಮದುವೆ ಊಟಕ್ಕೆ ಹೋಗಬಹುದಿತ್ತು.
ಇಲ್ಲಿಯ ಮೋಡಕ್ಕೆ ನಮ್ಮ ಪರಿಚಯವಿಲ್ಲ.
ಪ್ರತಿ ಗುಟುಕನ್ನೂ ಕೈಯಾರೆ ಉಣಿಸಬೇಕು,
ತಬ್ಬಲಿ ಕರುವಿಗೆ ಬಾಟಲಿ ಹಿಡಿದಂತೆ.

ಬೆಳಿಗ್ಗೆ ಕಂಪನಿಯ ಹುಡುಗ ಮೀಟರು ತಂದು
ತೊಟ್ಟಿಯ ನೀರಿಗೆ ಅದ್ದಿ ಹುಬ್ಬು ಗಂಟಿಕ್ಕಿದ.
ಮಾಲಕರ ತಾಯಿ ಮೋಜಾ ಬಂದರು,
ಕಿರುಬೆರಳು ಅದ್ದಿ ನಾಲಿಗೆಗಿಟ್ಟು
"ಕಡಲು ಇನ್ನೊಂದು ಹೆಜ್ಜೆ ಒಳಗೆ ಬಂದಿದೆ" ಅಂದರು,
ಕರೆಯದೆ ಬಂದ ಬೀಗರ ಸುದ್ದಿ ಹೇಳುವಂತೆ.
ಮೀಟರಿನಲ್ಲೂ ಅದೇ ಇತ್ತು, ಅಂಕಿಯಲ್ಲಿ.

ಬೀಜ ಬಂದರಿನಲ್ಲಿ ಸಿಕ್ಕಿಕೊಂಡು ಇಪ್ಪತ್ತು ದಿನ ತಡ.
ಏಪ್ರಿಲ್ ಮೊದಲಿಗೆ ಒಡೆಯಬೇಕಿದ್ದ ಸೂಲಂಗಿ
ತಿಂಗಳ ಕೊನೆಗೆ ಜಾರಿತು; ಅಷ್ಟರಲ್ಲಿ ಗಾಳಿ
ಕುಲುಮೆಯ ತಿದಿಯಿಂದ ಬೀಸತೊಡಗಿತ್ತು.
ಮಧ್ಯಾಹ್ನ ಎಲೆಗಳೆಲ್ಲ ಸುರುಳಿ,
ಬೀಡಿ ಕಟ್ಟುವ ಕೈ ಯಾವುದೋ
ಒಂದೊಂದನ್ನೇ ಸುತ್ತಿಟ್ಟು ಹೋದ ಹಾಗೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ:
ತೆನೆಯ ತುದಿಯ ಆ ಮಿದುಗೂದಲು ಶೋಕಿಗಲ್ಲ.
ಒಂದು ಎಳೆಗೆ ಒಂದು ಕಾಳು.
ಎಳೆಯ ಮೇಲೆ ಒಂದು ಹುಡಿ ಬಂದು ಕೂತು
ಒಳಗೆ ಅಷ್ಟುದ್ದ ನಡೆದು ಹೋಗಬೇಕು.
ತಲುಪದಿದ್ದರೆ ಅಲ್ಲಿ ಕಾಳಿಲ್ಲ, ಬರೀ ಗುಳಿ.
ಇಂಥ ಬಿಸಿಗೆ ಹುಡಿ ಗಾಳಿಯಲ್ಲೇ ಸಾಯುತ್ತದೆ;
ಬಣ್ಣ ಇರುತ್ತದೆ, ಜೀವ ಇರುವುದಿಲ್ಲ.

ಹನ್ನೊಂದು ದಿನ ಸುಬಹಿನ ಬಾಂಗಿಗೇ ನಾವು ಹೊಲದಲ್ಲಿ.
ಖುಬೂಸ್ ಸುತ್ತಿ ಬಂದ ಕಾಗದದ ಚೀಲ ಕೊಡವಿ
ಸೂಲಂಗಿಗೆ ಟೋಪಿಯಂತೆ ತೊಡಿಸಿ, ಬಗ್ಗಿಸಿ, ತಟ್ಟಿ,
ಬಿದ್ದ ಹಳದಿಯನ್ನು ಉಸಿರು ಬಿಗಿಹಿಡಿದು ಒಯ್ದು
ಎಳೆಗಳ ಮೇಲೆ ಉದುರಿಸಿದೆವು,
ರೊಟ್ಟಿ ಬಡಿಯುವ ಮೊದಲು ಅವ್ವ ಕೊಮ್ಮಣಿಗೆಗೆ
ಹಿಟ್ಟು ಉದುರಿಸುವಷ್ಟು ಹಗುರ.
ಶಫೀಕುಲ್ ನಗುತ್ತಿದ್ದ: "ದಲ್ಲಾಳಿ ಕೆಲಸ, ಭಾಯಿ.
ಗಂಡಿನ ಮನೆಯಿಂದ ಹೆಣ್ಣಿನ ಮನೆಗೆ.
ನನ್ನ ಮದುವೆಗೂ ಯಾರೂ ಇಷ್ಟು ಓಡಾಡಿಲ್ಲ."
ಏಳೂವರೆಗೆ ಬಿಸಿಲು ಬದು ಹತ್ತಿದೊಡನೆ ಅಂಗಡಿ ಮುಚ್ಚಿ
ಕೊಟ್ಟಿಗೆಯ ನೆರಳಿಗೆ. ಹುಬ್ಬಿನ ಮೇಲೆಲ್ಲ ಹಳದಿ,
ಅರಿಶಿನ ಹಚ್ಚಿಸಿಕೊಂಡು ಕೂತ
ನಲವತ್ತು ದಾಟಿದ ಇಬ್ಬರು ಮದುಮಕ್ಕಳು.

ಹಾಲುಗಾಳಿನ ಹೊತ್ತಿಗೆ ಮೋಜಾ ಮೊದಲ ತೆನೆ ಸುಲಿದರು.
ಹದಿನಾಲ್ಕು ಸಾಲು; ತುದಿ ಬೋಳು, ನಡುವೆ ಅಲ್ಲಲ್ಲಿ ಗುಳಿ.
ಗುಳಿಗಳ ಮೇಲೆ ಬೆರಳಾಡಿಸಿದರು, ಎಣಿಸುತ್ತ.
ನಾನು ನೆಲ ನೋಡಿದೆ.
ಆಮೇಲೆ ನನ್ನತ್ತ ತಿರುಗಿ ಬಾಯಿ ತೆರೆದು ತೋರಿಸಿದರು:
ಅವರ ಒಸಡಿನಲ್ಲೂ ಹೆಚ್ಚೂಕಡಿಮೆ ಅಷ್ಟೇ ಖಾಲಿ.
"ಇಷ್ಟರಲ್ಲೇ ನಾನು ಉಣ್ಣುತ್ತಿಲ್ಲವೇ"
ಎನ್ನುತ್ತ ಉಗುರಿನಿಂದ ಒಂದು ಕಾಳು ಒತ್ತಿದರು,
ಹಾಲು ಚಿಮ್ಮಿ ಶಫೀಕುಲನ ಕನ್ನಡಕಕ್ಕೆ ಸಿಡಿಯಿತು.

ಸಿಹಿಯೋ ಉಪ್ಪೋ ಎಂದು ಕೇಳಲು ಧೈರ್ಯ ಬರಲಿಲ್ಲ.
ತಿಂದು ಮುಗಿಸಿ, ದಿಂಡನ್ನು ಮೇಕೆಗೆ ಎಸೆದು,
ಎದ್ದು ಹೋಗಿ ತೊಟ್ಟಿಗೆ ಕಿರುಬೆರಳು ಅದ್ದಿದರು.
"ಇವತ್ತು ನೀರು ಬೇಗ ಬಿಡಿ," ಅಂದರು.
"ಹನ್ನೆರಡಕ್ಕೇ."