ಬರೀ ತಕ್ಕಡಿ

ನವನಗರದ ಲ್ಯಾಬಿನಲ್ಲಿ ಫ್ಯಾನು ಬಂದ್.
ಏಪ್ರಿಲ್. ಕಿಟಕಿಗೆ ಕರಿ ಕಾಗದ.
ಉರಿ ಅಲುಗಬಾರದೆಂದು ಉಸಿರು ಬಿಗಿಹಿಡಿದು ನಿಂತಿದ್ದೇವೆ
ನಾನು, ಮತ್ತು ಅಟೆಂಡರ್ ಲಾಡ್ಲೇಸಾಬ.

ಬರ್ನರಿನ ಬಾಯಲ್ಲಿ ಹಳದಿ ನಾಲಗೆ,
ಆರು ಸೆಂಟಿಮೀಟರು.
ಒಳಗೆಲ್ಲೋ ಮಸಿ ಹುಟ್ಟುತ್ತದೆ,
ತುದಿ ಮುಟ್ಟುವ ಮೊದಲೇ ಸುಟ್ಟುಹೋಗುತ್ತದೆ.
ಹೊರಗೆ ಹೊಗೆಯ ಸುಳಿವಿಲ್ಲ.
ಇದ್ದಷ್ಟು ಹೊತ್ತು ಎಷ್ಟಿತ್ತು?
ಮೂರು ವರ್ಷದಿಂದ ಇದೇ ನನ್ನ ಪ್ರಶ್ನೆ.

ಲೇಸರ್ ಒಂದೇಟು ಹೊಡೆದರೆ
ಮಸಿಯ ಕಣಗಳು ಬೆಳ್ಳಗೆ ಕಣ್ಣುಬಿಟ್ಟು ಮತ್ತೆ ಕಪ್ಪಾಗುತ್ತವೆ.
ರೆಪ್ಪೆ ಬಡಿಯುವುದು ಇದರ ಮುಂದೆ ಒಂದು ಯುಗ.
ಪೆಟ್ಟಿಗೆ ಹೇಳುತ್ತದೆ: ಎರಡೂಕಾಲು ವೋಲ್ಟ್.
ವೋಲ್ಟ್ ಅಂದರೆ ಎಷ್ಟು ಮಸಿ?
ಹೊಳಪಿಗೆ ತನ್ನ ತೂಕ ಗೊತ್ತಿರುವುದಿಲ್ಲ.

ಅದಕ್ಕೇ ಇನ್ನೊಂದು ಕಿರಣ, ಕೆಂಪು, ಸಾದಾ,
ಉರಿಯ ಈ ಮಗ್ಗುಲಲ್ಲಿ ಹೊಕ್ಕು ಆ ಮಗ್ಗುಲಲ್ಲಿ ಹೊರಟು
ದಾರಿಯಲ್ಲಿ ಕಳಕೊಂಡದ್ದನ್ನು ಒಪ್ಪಿಸುವಂಥದು.
ನೂರು ಹೋಗಿ ಎಂಬತ್ತಾರು ಬಂದರೆ
ಹದಿನಾಲ್ಕನ್ನು ಮಸಿ ಉಂಡಿದೆ.
ಆ ಲೆಕ್ಕವನ್ನು ಈ ಹೊಳಪಿಗೆ ಕಟ್ಟಬೇಕು. ಇಷ್ಟೇ ಕೆಲಸ.

ಸೋಮವಾರ ಹದಿನಾಲ್ಕು. ಬುಧವಾರ ಹದಿನಾರು.
ಇವತ್ತು ಹದಿನೆಂಟು.
ಉರಿ ಅದೇ, ಅನಿಲ ಅದೇ,
ನಾನೂ ಅದೇ, ನಿನ್ನೆಯ ಕುರ್ತಾದಲ್ಲಿ.
ಹೊಳಪು ಮಾತ್ರ ಎರಡೂಕಾಲು ಬಿಟ್ಟು ಕದಲಿಲ್ಲ.
ಸೂತ್ರ ತಿದ್ದಿದೆ. ತಿದ್ದಿದ್ದನ್ನು ತಿದ್ದಿದೆ.

ಮೂಲೆಯಿಂದ ಲಾಡ್ಲೇಸಾಬ:
"ಬರೀ ತಕ್ಕಡಿ ತೂಗೀರೇನ್ರಿ ಮೇಡಂ?"

ಹಳೇ ಬಾಗಲಕೋಟೆಯ ಪೇಟೆಯಲ್ಲಿ
ಅವರಪ್ಪ ತಕ್ಕಡಿ ರಿಪೇರಿ ಮಾಡುತ್ತಿದ್ದರಂತೆ.
ಆ ಅಂಗಡಿಕಟ್ಟೆ ಈಗ ಹಿನ್ನೀರಿನ ಕೆಳಗೆ.
"ಮಾಲು ಹಾಕೂಕಿಂತ ಮೊದಲ ಖಾಲಿ ಪರಡಿ ಎತ್ತಿ ನೋಡ್ತಿದ್ದ ನಮ್ಮಪ್ಪ.
ಒಂದ್ ಕಡೆ ಜಗ್ಗಿದ್ರ ಹುಣಸಿಬೀಜ ಇಟ್ಟು ಧಡಾ ಕಟ್ತಿದ್ದ.
ಖಾಲಿ ಇದ್ದಾಗ ಸುಳ್ಳು ಹೇಳೂ ತಕ್ಕಡಿ
ತುಂಬಿದ ಮ್ಯಾಲೆ ಖರೇ ಹೇಳ್ತದೇನ್ರಿ?"

ಉರಿ ಆರಿಸಿದೆ.
ಬರಿಗಾಳಿಯಲ್ಲಿ ಕಿರಣ ಬಿಟ್ಟೆ.
ನೂರು ಹೋಯಿತು. ತೊಂಬತ್ತೈದು ಬಂತು.

ಇಲ್ಲದ ಉರಿ
ಐದು ಪಾಲು ಬೆಳಕು ತಿಂದು ಕೂತಿತ್ತು.

ಗಾಜು ಬಿಚ್ಚಿ ಮೆತ್ತನೆ ಕಾಗದದಲ್ಲಿ ಒರೆಸಿದರು ಲಾಡ್ಲೇಸಾಬ,
ಕೂಸಿನ ಕಿವಿ ಒರೆಸಿದ ಹಾಗೆ.
ಕಾಗದಕ್ಕೆ ಹತ್ತಿದ್ದು ಮಸಿಯಲ್ಲ, ಬಿಳಿ ಹುಡಿ,
ಸುಣ್ಣದ ಭಟ್ಟಿಯದೋ ಸಿಮೆಂಟಿನದೋ,
ಕರಿ ಕಾಗದದ ಸಂದಿಯಿಂದ ನುಸುಳಿದ ಈ ಊರು.
ವಾರವಿಡೀ ನಾನು ಕಪ್ಪನ್ನೇ ಅನುಮಾನಿಸಿದ್ದೆ.

"ಫ್ಯಾನ್ ಹಾಕ್ಲೇನ್ರಿ ಎರಡು ನಿಮಿಷ?"
"ಬ್ಯಾಡ."
"ಉರಿ ಹಚ್ಲೇನ್ರಿ?"

ತಡೀರಿ.
ಇನ್ನೊಮ್ಮೆ ಖಾಲಿ ತೂಗೋಣ.